ಲೆಕ್ಕ ಬಾರದವರು

ನಮ್ಮ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಪ್ರಸ್ತಾಪ ಬಂದಾಗ ಒಂದು ಮಾತು ಮೇಲಿಂದ ಮೇಲೆ ಕೇಳಿಬರುವುದುಂಟು: ಹುಡುಗ ಬುದ್ಧಿವಂತನೇ, ಆದರೆ ಲೆಕ್ಕ ಮಾತ್ರ ತಲೆಗೆ ಹತ್ತದು. ಚರಿತ್ರೆಯನ್ನಾಗಲಿ ಭೂಗೋಳವನ್ನಾಗಲಿ ಕುರಿತು ಯಾರೂ ಹೀಗೆ ಹೇಳುವುದಿಲ್ಲ. ಚರಿತ್ರೆಯಲ್ಲಿ ಅಂಕಗಳು ಕಡಮೆಯಾದರೆ ಹುಡುಗ ಓದಲಿಲ್ಲವೆನ್ನುತ್ತೇವೆ. ಗಣಿತದಲ್ಲಿ ಕಡಮೆಯಾದರೆ ಅದು ಅವನಿಗೆ ಹುಟ್ಟಿನಿಂದಲೇ ಬಾರದೆನ್ನುತ್ತೇವೆ. ಮೊದಲನೆಯದು ತಿದ್ದಬಹುದಾದ ದೋಷ, ಎರಡನೆಯದು ತೀರ್ಪು. ಈ ತೀರ್ಪು ಒಮ್ಮೆ ಹೊರಬಿದ್ದ ಮೇಲೆ ಹೆತ್ತವರೂ ಉಪಾಧ್ಯಾಯರೂ ಮಗುವೂ ಸೇರಿ ಅದನ್ನು ನಿಜಮಾಡಿಕೊಂಡು ಬರುತ್ತಾರೆ. ಶಾಲೆಯನ್ನೇ ಬಿಟ್ಟ ಮಕ್ಕಳೂ, ಬಯಸಿದ ಓದನ್ನು ಬಿಟ್ಟು ಬೇರೆ ದಾರಿ ಹಿಡಿದ ಮಕ್ಕಳೂ ಎಷ್ಟೋ ಮಂದಿ ಈ ಒಂದು ಮಾತಿನ ಭಾರವನ್ನು ಹೊತ್ತವರಾಗಿದ್ದಾರೆ.

ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಹಳೆಯ ಕಾಲದ ಕೆಲವು ಸಂಗತಿಗಳಿಂದ ವಿಚಾರಮಾಡಿ ನೋಡಬಹುದಾಗಿದೆ. ಗಣಿತದ ಚರಿತ್ರೆಯೆಂದರೆ ಸಾಮಾನ್ಯವಾಗಿ ಗಣಿತವನ್ನು ಬಲ್ಲವರ ಚರಿತ್ರೆ. ನಾವು ಈಗ ಹೇಳಹೊರಟಿರುವುದು ಅದನ್ನು ಕಲಿಯಲು ಕಷ್ಟಪಟ್ಟವರ ಸಂಗತಿ, ಮತ್ತು ಅವರಿಗೆ ಕಲಿಸಲು ಯತ್ನಿಸಿದವರ ಸಂಗತಿ.

ಮೊದಲು ಇಂಗ್ಲೆಂಡಿನಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೧೭ನೆಯ ಶತಮಾನದಲ್ಲಿ ಲಂಡನ್ ನಗರದಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತನಿದ್ದನು. ಇವನು ೧೬೬೦ರಿಂದ ೧೬೬೯ರ ವರೆಗೆ ಒಂದು ಬಗೆಯ ಶೀಘ್ರಲಿಪಿಯಲ್ಲಿ ಬರೆದಿಟ್ಟ ದಿನಚರಿ ಇಂಗ್ಲಿಷ್ ಸಾಹಿತ್ಯವನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಹುಟ್ಟಿದ್ದು ೧೬೩೩ರಲ್ಲಿ. ಹೆಸರಾಂತ ಸೇಂಟ್ ಪಾಲ್ಸ್ ಪಾಠಶಾಲೆಯಲ್ಲಿ ಓದಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪಡೆದು, ೧೬೬೦ರಲ್ಲಿ ಸರ್ಕಾರದ ನೌಕಾಮಂಡಲಿಯಲ್ಲಿ ದೊಡ್ಡ ಅಧಿಕಾರವೊಂದಕ್ಕೆ ನೇಮಕವಾದನು. ಅರಸನ ಹಡಗುಗಳಿಗೆ ಬೇಕಾದ ಮರ, ಹಗ್ಗ, ಹಾಯಿಬಟ್ಟೆ ಮುಂತಾದವನ್ನು ಕೊಳ್ಳುವ ವ್ಯವಹಾರ ಈ ಕಛೇರಿಯದು. ಹೀಗೆ ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಬಲ್ಲ, ಸಂಗೀತದಲ್ಲಿ ಪರಿಶ್ರಮವಿದ್ದ, ಲಕ್ಷಾಂತರದ ಲೆಕ್ಕಪತ್ರಗಳು ಕೈಮೇಲೆ ಹಾದುಹೋಗುತ್ತಿದ್ದ ಈ ಅಧಿಕಾರಿಗೆ ಮಗ್ಗಿ ಬರುತ್ತಿರಲಿಲ್ಲ.

ಇದು ಅತಿಶಯೋಕ್ತಿಯಲ್ಲ. ೧೬೬೨ನೆಯ ಜುಲೈ ೪ರಂದು ಆತನು ಕೂಪರ್ ಎಂಬ ನಾವಿಕನೊಬ್ಬನನ್ನು ಪಾಠ ಹೇಳಲು ಗೊತ್ತುಮಾಡಿಕೊಂಡು, ಮೊದಲ ದಿನ ಒಂದು ಗಂಟೆಯ ಕಾಲ ಮಗ್ಗಿಯನ್ನು ಕಲಿಯಲು ತೊಡಗಿದನೆಂದು ತಾನೇ ಬರೆದುಕೊಂಡಿದ್ದಾನೆ. ಆಗ ಅವನ ವಯಸ್ಸು ೨೯. ಮುಂದಿನ ವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಮಗ್ಗಿಯನ್ನು ಉರುಹೊಡೆಯುತ್ತಿದ್ದನೆಂದೂ, ಅಂಕಗಣಿತದಲ್ಲೆಲ್ಲ ತನಗೆ ತೊಡಕಾಗಿರುವುದು ಇದೊಂದೇ ಎಂದೂ ಬರೆದಿದ್ದಾನೆ. ಆ ಕಾಲದ ಇಂಗ್ಲೆಂಡಿನಲ್ಲಿ ಲೆಕ್ಕವೆಂಬುದು ವರ್ತಕರಿಗೂ ನಾವಿಕರಿಗೂ ಸೇರಿದ ವಿದ್ಯೆ. ದೊಡ್ಡ ಪಾಠಶಾಲೆಗಳಲ್ಲಿ ಅದಕ್ಕೆ ಎಡೆಯಿರಲಿಲ್ಲ. ಆದುದರಿಂದಲೇ ಕೇಂಬ್ರಿಜ್ಜಿನ ಪದವೀಧರನು ಹಡಗಿನ ನೌಕರನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳಬೇಕಾಯಿತು.

ಈ ವೃತ್ತಾಂತದಲ್ಲಿ ನಮಗೆ ಮುಖ್ಯವಾಗಿ ತೋರುವ ಅಂಶ ಅವನ ಉತ್ಸಾಹವಲ್ಲ; ಬೆಳಗಿನ ಜಾವದ ಉತ್ಸಾಹ ಎಷ್ಟೋ ಜನರಲ್ಲಿರುತ್ತದೆ, ವಾರವೆರಡು ವಾರಕ್ಕೆ ಆರುತ್ತದೆ. ಗಣಿತವೇ ತನಗೆ ಬಾರದು ಎಂದು ಪೀಪ್ಸನು ಹೇಳಿಕೊಳ್ಳಲಿಲ್ಲ. ತನಗೆ ಬಾರದಿರುವುದು ಯಾವುದೆಂದು ಹುಡುಕಿದನು. ಅದು ಮಗ್ಗಿಯೆಂದು ಕಂಡುಕೊಂಡನು. ತನ್ನ ವಯಸ್ಸನ್ನೂ ಅಧಿಕಾರವನ್ನೂ ಬದಿಗಿಟ್ಟು ಆ ಮೆಟ್ಟಿಲಿಗೆ ಇಳಿದುಹೋದನು. ಅದೇ ವರ್ಷದ ಆಗಸ್ಟಿನಲ್ಲಿ ಆಂಟನಿ ಡೀನ್ ಎಂಬ ಹಡಗು ಕಟ್ಟುವ ಶಿಲ್ಪಿ ಕಾಡಿಗೆ ಅವನನ್ನು ಕರೆದುಕೊಂಡು ಹೋಗಿ, ಮರದ ದಿಮ್ಮಿಗಳ ಅಳತೆಯಲ್ಲಿ ಮಾರುವವರು ಅರಸನಿಗೆ ಹೇಗೆ ಮೋಸಮಾಡುತ್ತಾರೆಂಬುದನ್ನು ತೋರಿಸಿಕೊಟ್ಟಾಗ, ಆ ವಿಷಯವನ್ನು ಗ್ರಹಿಸಲು ಬೇಕಾದ ಲೆಕ್ಕ ಅವನ ಕೈಯಲ್ಲಿದ್ದಿತು. ಮುಂದೆ ೧೬೮೪ರಲ್ಲಿ ಅವನು ರಾಯಲ್ ಸೊಸೈಟಿಯ ಅಧ್ಯಕ್ಷನಾದನು. ೧೬೮೭ರಲ್ಲಿ ಪ್ರಕಟವಾದ ನ್ಯೂಟನ್ನನ 'ಪ್ರಿನ್ಸಿಪಿಯ' ಗ್ರಂಥದ ಮುಖಪುಟದಲ್ಲಿ ಮುದ್ರಣಕ್ಕೆ ಅನುಮತಿ ಕೊಟ್ಟವನೆಂದು ಅಚ್ಚಾಗಿರುವ ಹೆಸರು ಇವನದೇ. ೧೬೯೩ರಲ್ಲಿ, ಅರವತ್ತು ವರ್ಷ ತುಂಬಿದ್ದಾಗ, ದಾಳಗಳನ್ನು ಎಸೆಯುವ ಆಟದಲ್ಲಿ ಯಾವ ಪಂಥಕ್ಕೆ ಗೆಲುವಿನ ಸಂಭವ ಹೆಚ್ಚೆಂದು ನ್ಯೂಟನ್ನನಿಗೇ ಕಾಗದ ಬರೆದು ಕೇಳಿದನು. ಪೀಪ್ಸನು ಗಣಿತಜ್ಞನಾದನೆಂದು ನಾವು ಹೇಳುವುದಿಲ್ಲ, ಅವನು ಆಗಲೂ ಇಲ್ಲ. ಲೆಕ್ಕಕ್ಕೆ ಹೆದರದವನಾದನು, ಶಾಲೆಯ ಗಣಿತ ಬಹುಮಂದಿಗೆ ಕೊಡಬೇಕಾದುದೂ ಅಷ್ಟೇ.

ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಿಬಿಡಬೇಕು. ತಾನು ಕಲಿತ ಮರುವರ್ಷ, ಎಂದರೆ ೧೬೬೩ರಲ್ಲಿ, ಪೀಪ್ಸನು ತನ್ನ ಹೆಂಡತಿ ಎಲಿಜಬೆತ್ತಳಿಗೆ ಲೆಕ್ಕ ಹೇಳಿಕೊಡತೊಡಗಿದನು. ಡಿಸೆಂಬರಿನ ವೇಳೆಗೆ ಆಕೆ ಸಂಕಲನ, ವ್ಯವಕಲನ, ಗುಣಾಕಾರಗಳನ್ನು ಚೆನ್ನಾಗಿ ಮಾಡುತ್ತಿದ್ದಳು. ಭಾಗಾಕಾರದ ತೊಂದರೆಯನ್ನು ಆಕೆಗೆ ಆಗಲೇ ಕೊಡುವುದು ಬೇಡವೆಂದು ನಿಶ್ಚಯಿಸಿದವನು ಗಂಡ. ಆಕೆಗೆ ಅದು ಬಾರದೆಂದು ಯಾವ ಪರೀಕ್ಷೆಯಲ್ಲಿಯೂ ತೋರಿರಲಿಲ್ಲ. ಎಲಿಜಬೆತ್ ೧೬೬೯ರ ನವೆಂಬರಿನಲ್ಲಿ ತೀರಿಕೊಂಡಳು. ಆಗ ಆಕೆಯ ವಯಸ್ಸು ೨೯, ಗಂಡನು ಮಗ್ಗಿಯನ್ನು ಹಿಡಿದ ವಯಸ್ಸು.

ಇಂಗ್ಲೆಂಡಿನ ಪದವೀಧರನು ಮುಪ್ಪಾಗುವ ಮುಂಚೆ ಹೇಗೋ ಸಂಪಾದಿಸಿಕೊಂಡ ಈ ವಿದ್ಯೆ ನಮ್ಮ ಸೀಮೆಯ ಊರುಗಳಲ್ಲಿ ಐದಾರು ವರ್ಷದ ಮಕ್ಕಳಿಂದಲೇ ಪ್ರಾರಂಭವಾಗುತ್ತಿತ್ತು. ಇದಕ್ಕೆ ಒಳ್ಳೆಯ ಸಾಕ್ಷ್ಯವೊಂದಿದೆ. ೧೮೨೨ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಇರುವ ದೇಶೀಯ ಪಾಠಶಾಲೆಗಳ ವಿವರವನ್ನು ಬರೆದು ಕಳುಹಿಸುವಂತೆ ಆಜ್ಞೆಮಾಡಿದನು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಬಹು ಸ್ವಾರಸ್ಯವಾದುದು. ಆತನು ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸ. ಅಂಕಿಗಳನ್ನು ತುಂಬಿಕೊಟ್ಟು ಸುಮ್ಮನಾಗದೆ, ಶಾಲೆಗಳು ಹೇಗೆ ನಡೆಯುತ್ತಿದ್ದುವೆಂಬುದನ್ನೂ ಬರೆದಿಟ್ಟನು.

ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ವಿಸ್ತಾರವಾದುದು; ಅನಂತಪುರ ಅದರಿಂದ ಬೇರೆಯಾದದ್ದು ೧೮೮೨ರಲ್ಲಿ. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಗೆ ೫೩೩ ಶಾಲೆಗಳು, ೬,೬೪೧ ಮಂದಿ ವಿದ್ಯಾರ್ಥಿಗಳು. ಕನ್ನಡ ಶಾಲೆಗಳು ೨೩೫, ತೆಲುಗು ಶಾಲೆಗಳು ೨೨೬. ಶಾಲೆಗೆ ಸುಮಾರು ಹನ್ನೆರಡು ಮಂದಿ ಮಕ್ಕಳಾದರು. ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದುದು ಇಂಥವನ್ನೇ.

ಬೆಳಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ: ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಹೀಗೆಯೇ ಮುಂದಕ್ಕೆ. ಕೊನೆಯವನಾಗಿ ಬಂದ ಮಗುವಿಗೆ ಸಂಕಲನದ ಪಾಠ ಈ ರೀತಿಯಲ್ಲಿ ಬಾಗಿಲಲ್ಲಿಯೇ ಆಗಿಹೋಗುತ್ತಿತ್ತೆನ್ನಬಹುದು. ಸೋಮಾರಿಯಾದವನಿಗೆ ಇನ್ನೂ ಕಠಿನವಾದ ಶಿಕ್ಷೆಗಳಿದ್ದುವು. ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗಹಾಕುವುದೂ, ಬಿಡದೆ ಬಸ್ಕಿ ಹೊಡೆಸುವುದೂ ವರದಿಯಲ್ಲಿ ಬಂದಿವೆ. ಹಳೆಯದನ್ನೆಲ್ಲ ಹೊಗಳುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟು ಓದುತ್ತಾರೆ. ನಾವು ಬಿಡುವುದಿಲ್ಲ. ಗಣಿತವನ್ನು ಕಂಡರೆ ಮಕ್ಕಳಿಗಿರುವ ಭಯಕ್ಕೆ ಗಣಿತದಷ್ಟೇ ಬೆತ್ತವೂ ಕಾರಣವಾಗಿರಬೇಕು.

ಆದರೆ ಕಲಿಸುತ್ತಿದ್ದ ಕ್ರಮ ಗಮನಕ್ಕೆ ಯೋಗ್ಯವಾದುದು. ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವುದು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಇಂದು ಕಛೇರಿಯ ಕಾಗದಪತ್ರಗಳ ಕಟ್ಟನ್ನು ನಾವು ಕಡತವೆನ್ನುತ್ತೇವೆ. ಅಂದಿನ ಕಡತವೆಂದರೆ ಅಕ್ಕಿಯ ಗಂಜಿಯಲ್ಲಿ ಬಿರುಸುಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆಮಡಿಕೆಯಾಗಿ ಮಡಿಸಿ, ಇದ್ದಲಿನ ಪುಡಿಯನ್ನೂ ಅಂಟನ್ನೂ ಬಳಿದು ಮಾಡಿದ್ದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಸಿಹೋಗುತ್ತಿತ್ತು. ಮರಳಾಗಲಿ ಕಡತವಾಗಲಿ ಬರೆದ ತಪ್ಪನ್ನು ಉಳಿಸಿಕೊಳ್ಳುವುದಿಲ್ಲ. ಕೆಂಪು ಮಸಿಯ ಗೀಟಿನೊಡನೆ ತಪ್ಪು ವರ್ಷವಿಡೀ ಪುಸ್ತಕದಲ್ಲಿ ನಿಂತಿರುವ ಇಂದಿನ ಪದ್ಧತಿಗಿಂತ ಈ ಒಂದು ವಿಷಯದಲ್ಲಿ ಅದು ಮಗುವಿನ ಮೇಲೆ ಹೆಚ್ಚು ದಯೆಯುಳ್ಳದ್ದಾಗಿತ್ತೆಂದು ನಮಗೆ ತೋರುತ್ತದೆ.

ಅಕ್ಷರಗಳೂ ಒತ್ತಕ್ಷರಗಳೂ ಬಂದ ಮೇಲೆ ಜನರ, ಊರುಗಳ, ಪ್ರಾಣಿಗಳ ಹೆಸರುಗಳನ್ನು ಬರೆಯುವುದು, ಆಮೇಲೆ ಅಂಕಿಗಳು, ಆಮೇಲೆ ಹಣದ ಲೆಕ್ಕದಲ್ಲಿ ಕೂಡುವುದು ಕಳೆಯುವುದು, ಅನಂತರ ಗುಣಾಕಾರ, ಅಳತೆ ತೂಕಗಳ ಪರಿವರ್ತನೆ. ಮೊಟ್ಟಮೊದಲ ಲೆಕ್ಕವೇ ಹಣದ ಲೆಕ್ಕವೆಂಬುದನ್ನು ಗಮನಿಸಬೇಕು. ಬರಿಯ ಏಳು, ಬರಿಯ ಎಂಟು ಎಂಬುದು ಮಗುವಿಗೆ ಕಾಣಿಸುವ ವಸ್ತುವಲ್ಲ. ಏಳು ಕಾಸು, ಎಂಟು ಸೇರು ಕಾಣಿಸುವ ವಸ್ತುಗಳು. ಇಲ್ಲಿಂದ ಮುಂದೆ ಉಪಾಧ್ಯಾಯರು ವಿಶೇಷ ಶ್ರಮವನ್ನು ವಹಿಸುತ್ತಿದ್ದುದು ಭಿನ್ನರಾಶಿಗಳ ವಿಷಯದಲ್ಲೆಂದು ಕ್ಯಾಂಬೆಲ್ ಹೇಳುತ್ತಾನೆ. ಆ ಭಿನ್ನಗಳು ಯೂರೋಪಿನ ದಶಾಂಶಗಳಂತೆ ಹತ್ತು ಹತ್ತರ ಮೆಟ್ಟಿಲಿನಲ್ಲಿ ಇಳಿಯುವುವಲ್ಲ. ನಾಲ್ಕು ನಾಲ್ಕರಂತೆ ಇಳಿಯುವುವು. ಒಂದರಲ್ಲಿ ನಾಲ್ಕನೆಯ ಪಾಲು ಕಾಲು. ಕಾಲಿನಲ್ಲಿ ಕಾಲು ವೀಸ. ವೀಸದಲ್ಲಿ ಕಾಲು ಕಾಣಿ, ಎಂದರೆ ಅರುವತ್ತನಾಲ್ಕನೆಯ ಒಂದು ಪಾಲು. ಈ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಮುಂದಾಳಾದ ಹುಡುಗನು ಹೇಳಿಕೊಟ್ಟಂತೆ ಒಟ್ಟಾಗಿ ಹೇಳುತ್ತಿದ್ದರು.

ಮುಂದಾಳಿನ ವಿಷಯ ಮುಖ್ಯವಾದುದು. ಮುಂದುವರಿದ ಹುಡುಗರು ಹಿಂದಿರುವವರಿಗೆ ಕಲಿಸುತ್ತ, ಅದರಿಂದಲೇ ತಾವು ಕಲಿತುದನ್ನು ಗಟ್ಟಿಮಾಡಿಕೊಳ್ಳುತ್ತಿದ್ದ ಈ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಬರೆದನು. ಅನುಕರಿಸಿದವನು ಆಂಡ್ರೂ ಬೆಲ್ ಎಂಬ ಪಾದ್ರಿ. ಅವನು ೧೭೮೯ರಿಂದ ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದು, ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನೂ ಮಕ್ಕಳೇ ಮಕ್ಕಳಿಗೆ ಕಲಿಸುವುದನ್ನೂ ತನ್ನ ಶಾಲೆಯಲ್ಲಿ ರೂಢಿಗೆ ತಂದು, ೧೭೯೭ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಪುಸ್ತಕವನ್ನು ಅಚ್ಚುಮಾಡಿಸಿದನು. ಅಲ್ಲಿಂದ ಅದಕ್ಕೆ ಮದರಾಸು ಪದ್ಧತಿಯೆಂದು ಹೆಸರಾಯಿತು.

ಲೆಕ್ಕದಲ್ಲಿ ಹಿಂದುಳಿದ ಮಗುವಿಗೆ ಈ ಪದ್ಧತಿಯಿಂದ ಆಗಬಹುದಾದ ಉಪಕಾರವೇನೆಂದು ಸ್ವಲ್ಪ ಯೋಚಿಸಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳು ಬೀಜಗಣಿತದಲ್ಲಿ ಎಡವುತ್ತಿದ್ದಾಳೆ; ವಿಚಾರಿಸಿ ನೋಡಿದರೆ ಅವಳಿಗೆ ತಿಳಿಯದಿರುವುದು ನಾಲ್ಕನೆಯ ತರಗತಿಯ ಭಿನ್ನರಾಶಿ. ಹಿಂದಿರುಗಿ ನಾಲ್ಕನೆಯ ತರಗತಿಯ ಪುಸ್ತಕವನ್ನು ಓದೆಂದರೆ ಅವಳಿಗೆ ಅವಮಾನ, ಒಡಹುಟ್ಟಿದವರು ನಗುತ್ತಾರೆ. ಅದನ್ನೇ ತಮ್ಮನಿಗೆ ಹೇಳಿಕೊಡೆಂದರೆ ಅದೇ ಪುಸ್ತಕ ಗೌರವದ ಕೆಲಸವಾಗುತ್ತದೆ. ಹೇಳಿಕೊಡಹೊರಟವಳಿಗೆ ತನಗೆ ಗೊತ್ತಿಲ್ಲದ್ದು ಎಲ್ಲಿದೆಯೆಂಬುದು ಮೊದಲನೆಯ ದಿನವೇ ಗೊತ್ತಾಗುತ್ತದೆ. ತಮ್ಮನು ಏಕೆ ಎಂದು ಕೇಳಿದಲ್ಲಿ ಅದು ಇದೆ. ಖಾಸಗಿ ಪಾಠಗಳಿಗೆ ಹಣ ಸುರಿಯುವ ತಂದೆತಾಯಿಗಳು ಖರ್ಚಿಲ್ಲದ ಈ ಉಪಾಯವನ್ನು ಒಂದು ತಿಂಗಳು ನಡೆಸಿ ನೋಡಬಹುದು.

ಇನ್ನು ಆ ಶಾಲೆಗಳ ಕೊರತೆ. ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅರ್ಥ ಗಿಳಿಗೆ ಎಷ್ಟು ಗೊತ್ತೋ ಅವರಿಗೂ ಅಷ್ಟೇ ಗೊತ್ತು ಎಂಬುದು ಕ್ಯಾಂಬೆಲ್ಲನ ದೂರು. ಈ ದೂರನ್ನು ಅವನು ಕಾವ್ಯಪಾಠದ ಮೇಲೆ ಹೇಳಿದನೇ ಹೊರತು ಮಗ್ಗಿಯ ಮೇಲೆ ಹೇಳಲಿಲ್ಲ. ಇದು ಕೇವಲ ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ. ಪದ್ಯದ ಅರ್ಥ ತಿಳಿಯಲು ಹುಡುಗನಿಗೆ ಬೇರೆ ದಾರಿಯಿರಲಿಲ್ಲ. ಆದರೆ ಕಾಲು, ವೀಸಗಳ ಅರ್ಥ ಸಂತೆಯಲ್ಲಿಯೂ ಅಡಿಗೆಮನೆಯಲ್ಲಿಯೂ ದಿನದಿನವೂ ತಾನಾಗಿಯೇ ತಿಳಿಯುತ್ತಿತ್ತು. ಬಾಯಿಪಾಠ ಬೇಕೋ ತಿಳಿವಳಿಕೆ ಬೇಕೋ ಎಂದು ನಮ್ಮಲ್ಲಿ ಆಗಾಗ ಚರ್ಚೆ ನಡೆಯುವುದುಂಟು. ಮಗ್ಗಿ ಬಾರದವನು ಪ್ರತಿಯೊಂದು ಗುಣಾಕಾರಕ್ಕೂ ಬೆರಳನ್ನು ಎಣಿಸುತ್ತ ಕುಳಿತು, ಮುಖ್ಯವಾದ ಪ್ರಶ್ನೆಯನ್ನು ಅಷ್ಟರಲ್ಲಿ ಮರೆಯುತ್ತಾನೆ. ಮಗ್ಗಿ ಮಾತ್ರ ಬಂದವನಿಗೆ ಎಲ್ಲಿ ಗುಣಿಸಬೇಕು ಎಲ್ಲಿ ಭಾಗಿಸಬೇಕು ಎಂಬುದು ಹೊಳೆಯುವುದಿಲ್ಲ. ಹಳೆಯ ಶಾಲೆ ಒಂದನ್ನು ಕೊಟ್ಟಿತು. ಇನ್ನೊಂದನ್ನು ಪೇಟೆ ಕೊಟ್ಟಿತು.

ಆರು ಸಾವಿರದ ಆರುನೂರ ನಲವತ್ತೊಂದು ಮಕ್ಕಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಹುಡುಗಿಯರಿಗೆ ಗಣಿತ ಹತ್ತದೆಂಬ ನಂಬಿಕೆ ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿದೆ. ಅದನ್ನು ವಾದಿಸುವವರು ಮೊದಲು ಈ ಅಂಕಿಗೆ ಉತ್ತರ ಹೇಳಬೇಕು.

ಈ ಪೇಟೆಯ ಪಾಠ ನಮ್ಮ ದೇಶದಲ್ಲಿ ೧೯೫೭ರ ಏಪ್ರಿಲ್ ೧ರಂದು ಮಾರ್ಪಟ್ಟಿತು. ಅಂದಿನಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯೆ ಪೈಸೆ ಬಂದಿತು. ಅಳತೆ ತೂಕಗಳಲ್ಲಿಯೂ ೧೯೫೬ರ ಕಾಯಿದೆಯ ಮೇರೆಗೆ ಮೆಟ್ರಿಕ್ ಪದ್ಧತಿ ಕ್ರಮಕ್ರಮವಾಗಿ ನೆಲೆಗೊಂಡಿತು. ವ್ಯಾಪಾರಕ್ಕೂ ಕಛೇರಿಗಳಿಗೂ ಆದ ಅನುಕೂಲ ಬಹಳ. ಆಣೆ ಕಾಸುಗಳನ್ನು ಮರಳಿ ತನ್ನಿರೆಂದು ನಾವು ಹೇಳುವುದಿಲ್ಲ. ಆದರೆ ಸೇರು, ಅಚ್ಚೇರು, ಪಾವು, ಚಟಾಕು ಎಂದು ಕೈಯಿಂದ ಕೈಗೆ ಹೋಗುತ್ತಿದ್ದ ಭಿನ್ನರಾಶಿಗಳು ಆ ಬದಲಾವಣೆಯೊಡನೆ ಮನೆಯಿಂದ ಹೊರಟುಹೋದುವು, ಪಾಠಪುಸ್ತಕದಲ್ಲಿ ಮಾತ್ರ ಉಳಿದುವು. ಹಿಂದೆ ಮಗು ಶಾಲೆಗೆ ಬರುವ ಮೊದಲೇ ಹತ್ತಿರುತ್ತಿದ್ದ ಒಂದು ಮೆಟ್ಟಿಲು ಸದ್ದಿಲ್ಲದೆ ಮಾಯವಾಯಿತು. ಅದನ್ನು ಶಾಲೆಯೇ ಹೊಸದಾಗಿ ಕಟ್ಟಿಕೊಡಬೇಕಾಗಿತ್ತು. ಎಲ್ಲ ಶಾಲೆಗಳೂ ಕಟ್ಟಲಿಲ್ಲ.

ಇದರ ಫಲ ಎಲ್ಲ ಉಪಾಧ್ಯಾಯರಿಗೂ ಗೊತ್ತಿರುವ ಒಂದು ತಪ್ಪಿನಲ್ಲಿ ಕಾಣುತ್ತದೆ. ಅರ್ಧಕ್ಕೆ ಕಾಲನ್ನು ಕೂಡಿಸೆಂದರೆ ಮಗು ಮೇಲಿನ ಒಂದಕ್ಕೆ ಒಂದನ್ನು ಕೂಡಿಸಿ ಎರಡೆಂದೂ, ಕೆಳಗಿನ ಎರಡಕ್ಕೆ ನಾಲ್ಕನ್ನು ಕೂಡಿಸಿ ಆರೆಂದೂ ಬರೆಯುತ್ತದೆ. ಆರರಲ್ಲಿ ಎರಡು ಎಂದರೆ ಮೂರನೆಯ ಒಂದು ಪಾಲು. ಉಪಾಧ್ಯಾಯರು ಅಡ್ಡಗೀಟು ಹಾಕಿ, ಛೇದಗಳನ್ನು ಸಮಮಾಡಬೇಕೆಂಬ ಸೂತ್ರವನ್ನು ಮತ್ತೊಮ್ಮೆ ಹೇಳುತ್ತಾರೆ. ಮಗು ಸೂತ್ರವನ್ನು ಮರೆತುದರಿಂದ ತಪ್ಪುಮಾಡಲಿಲ್ಲ. ಅದಕ್ಕೆ ಆ ಬರಹ ಎರಡು ಅಂಕಿಗಳಂತೆ ಕಾಣುತ್ತದೆಯೇ ಹೊರತು ಒಂದು ಪ್ರಮಾಣದಂತೆ ಕಾಣುವುದಿಲ್ಲ. ಪಾವು ಅಚ್ಚೇರುಗಳನ್ನು ಅಳೆದ ಮಗುವಾಗಿದ್ದರೆ ಕೂಡಲೇ ನಗುತ್ತಿತ್ತು: ಅಚ್ಚೇರು ಅಕ್ಕಿಗೆ ಪಾವು ಅಕ್ಕಿಯನ್ನು ಸುರಿದರೆ ಅಚ್ಚೇರಿಗಿಂತ ಕಡಮೆಯಾಗುವುದುಂಟೆ? ಈಗ ಪಾವು ಇಲ್ಲದಿದ್ದರೇನು, ಕಾಗದವಿದೆ. ಉದ್ದವಾದ ಒಂದು ಕಾಗದದ ಪಟ್ಟಿಯನ್ನು ಹಳೆಯ ಕಡತದಂತೆ ಮಡಿಸಿ, ಅರೆ, ಕಾಲು, ಅರೆಕಾಲುಗಳನ್ನು ಮಗುವಿನ ಕೈಯಲ್ಲೇ ಮಾಡಿಸಿ, ಅರೆಯ ಪಕ್ಕದಲ್ಲಿ ಕಾಲನ್ನು ಇಡಿಸಿದರೆ, ಛೇದವನ್ನು ಏಕೆ ಸಮಮಾಡಬೇಕೆಂಬುದು ಹೇಳದೆಯೇ ತಿಳಿಯುತ್ತದೆ. ಆಮೇಲೆ ಸೂತ್ರ ಬರಲಿ. ಲೆಕ್ಕವನ್ನು ಮಾಡುವ ಮುಂಚೆಯೇ ಉತ್ತರ ಅರ್ಧಕ್ಕಿಂತ ಹೆಚ್ಚೋ ಕಡಮೆಯೋ, ನೂರರೊಳಗೋ ಹೊರಗೋ ಎಂದು ಬಾಯಲ್ಲಿ ಹೇಳಿಸುವ ಅಭ್ಯಾಸವೊಂದನ್ನು ಇಟ್ಟುಕೊಂಡರೆ ಪರೀಕ್ಷೆಯಲ್ಲಿ ಆಗುವ ತಪ್ಪುಗಳಲ್ಲಿ ಎಷ್ಟೋ ಪಾಲು ಮಗುವಿನ ಕಣ್ಣಿಗೇ ಬೀಳುವುವು.

ಮಗು ಬರೆದ ತಪ್ಪುತ್ತರದ ಹಿಂದೆ ಬಹುಮಟ್ಟಿಗೆ ಒಂದು ಕಾರಣವಿದ್ದೇ ಇರುತ್ತದೆಂಬುದನ್ನು ನಂಬದವರಿಗೆ ನಾವು ಮಹಾವೀರಾಚಾರ್ಯನನ್ನು ತೋರಿಸುತ್ತೇವೆ. ೯ನೆಯ ಶತಮಾನದಲ್ಲಿ ಮಾನ್ಯಖೇಟದಿಂದ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಈ ಜೈನ ವಿದ್ವಾಂಸನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳಿಗೆಲ್ಲ ಸಾಮಾನ್ಯವಾದ ಅತ್ಯಂತ ಚಿಕ್ಕ ಅಪವರ್ತ್ಯವನ್ನು ಉಪಯೋಗಿಸುವ ವಿಧಾನ ಆ ಗ್ರಂಥದಲ್ಲಿ 'ನಿರುದ್ಧ'ವೆಂಬ ಹೆಸರಿನಿಂದ ಬಂದಿದೆ; ನಮ್ಮ ಮಕ್ಕಳು ಇಂದು ಲ.ಸಾ.ಅ. ಎಂದು ಕಲಿಯುವುದು ಇದನ್ನೇ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಅವನು ಸ್ಪಷ್ಟವಾಗಿ ಹೇಳಿದನು. ಇಷ್ಟು ದೊಡ್ಡ ಗಣಿತಜ್ಞನು ಸೊನ್ನೆಯ ಬಳಿಗೆ ಬಂದಾಗ, ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆಂದು ಬರೆದನು.

ಇದು ತಪ್ಪು. ಆದರೆ ಎಷ್ಟು ಸಹಜವಾದ ತಪ್ಪು! ಹನ್ನೆರಡು ಮಾವಿನ ಹಣ್ಣುಗಳಿವೆ, ಹಂಚಿಕೊಳ್ಳುವವರು ಯಾರೂ ಇಲ್ಲ. ಹಾಗಾದರೆ ಹಣ್ಣುಗಳು ಎಲ್ಲಿಗೆ ಹೋದಾವು? ಇದ್ದಲ್ಲಿಯೇ ಇವೆ. ಇಂದಿಗೂ ತರಗತಿಯಲ್ಲಿ ಕೇಳಿದರೆ ಕೆಲವು ಮಕ್ಕಳು ಇದೇ ಉತ್ತರವನ್ನು ಕೊಡುತ್ತಾರೆ. ಅವನಿಗೆ ಹಿಂದೆ ೬೨೮ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದನು. ಮುಂದೆ ೧೨ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು 'ಖಹರ'ವೆಂದು ಕರೆದು, ಅದು ಅನಂತವೆಂದನು. ಐದು ಶತಮಾನಗಳ ಕಾಲ ಮೂರು ಮಂದಿ ಮಹಾವಿದ್ವಾಂಸರು ಒಂದೇ ಕಲ್ಲಿನ ಮೇಲೆ ಮೂರು ರೀತಿಯಲ್ಲಿ ಎಡವಿದರು. ಇಂದಿನ ಗಣಿತ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು ಬರುವುದು ನಾಲ್ಕನ್ನು ಮೂರರಿಂದ ಗುಣಿಸಿದರೆ ಹನ್ನೆರಡಾಗುವುದರಿಂದ. ಸೊನ್ನೆಯಿಂದ ಗುಣಿಸಿದಾಗ ಹನ್ನೆರಡಾಗುವ ಸಂಖ್ಯೆ ಯಾವುದೂ ಇಲ್ಲ. ಎರಡು ಸಾಲಿನಲ್ಲಿ ಮುಗಿಯುವ ಈ ಸಮಾಧಾನಕ್ಕೆ ಮನುಷ್ಯರು ಬರಲು ಇಷ್ಟು ಕಾಲ ಹಿಡಿದಿರುವಾಗ, ನಲವತ್ತೈದು ನಿಮಿಷದ ಪಾಠದಲ್ಲಿ ಅದು ಹಿಡಿಯದ ಮಗುವನ್ನು ದಡ್ಡನೆಂದು ಕರೆಯುವುದು ಯಾವ ನ್ಯಾಯ? ಹಾಗೆ ಕರೆಯುವ ಬದಲು, ಹೇಗೆ ಯೋಚಿಸಿದೆಯೆಂದು ಕೇಳುವುದು ಹೆಚ್ಚು ಪ್ರಯೋಜನಕರ. ಉತ್ತರ ಸರಿಯಾದಾಗಲೂ ಕೇಳಬೇಕು. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗುತ್ತದೆ.

೧೨ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಗ್ರಂಥಗಳಿಂದ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು. ಸಂಸ್ಕೃತ ಬಾರದವನಿಗೂ ಲೆಕ್ಕ ಬರಲೆಂಬ ಈ ಪ್ರಯತ್ನ ಎಂಟು ಶತಮಾನಗಳಷ್ಟು ಹಳೆಯದು. ಇಂಗ್ಲಿಷಿನ ಪ್ರಶ್ನೆ ಅರ್ಥವಾಗದೆ ಲೆಕ್ಕವನ್ನು ತಪ್ಪುವ ಮಕ್ಕಳು ನಮ್ಮ ಪಟ್ಟಣಗಳಲ್ಲಿ ಬಹಳ ಮಂದಿ ಇದ್ದಾರೆ. ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅವರಲ್ಲಿ ಕೆಲವರು ಮರುಕ್ಷಣವೇ ಉತ್ತರ ಕೊಡುವರು. ಅಂಥವರ ಕೊರತೆ ಗಣಿತದ್ದಲ್ಲ.

ಮಹಾವೀರಾಚಾರ್ಯನ ಗ್ರಂಥದಲ್ಲಿ ಗುಣಾಕಾರದ ಅಭ್ಯಾಸಕ್ಕೆಂದು ಕೊ‌ಟ್ಟಿರುವ ಲೆಕ್ಕಗಳಲ್ಲಿ ಕೆಲವು ಬಹು ಸೊಗಸಾದುವು. ಅವುಗಳ ಉತ್ತರಗಳನ್ನು ಅವನು ಕಂಠಿಕೆಗಳೆಂದು, ಎಂದರೆ ಕೊರಳ ಹಾರಗಳೆಂದು ಕರೆಯುತ್ತಾನೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಈ ಹಾರಗಳಲ್ಲಿ ವಿನೋದವಲ್ಲದೆ ಉಪಾಧ್ಯಾಯನ ಜಾಣ್ಮೆಯೂ ಇದೆಯೆಂದು ನಮ್ಮ ಅಭಿಪ್ರಾಯ. ಸಾಮಾನ್ಯವಾದ ಲೆಕ್ಕದಲ್ಲಿ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಗು ಉಪಾಧ್ಯಾಯರ ಮುಖವನ್ನು ನೋಡಬೇಕು. ಆ ಮುಖದಲ್ಲಿಯೇ ಅದರ ಭಯವೆಲ್ಲ ಇರುತ್ತದೆ. ಇಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ೧೫೨೨೦೭ನ್ನು ೭೩ರಿಂದ ಗುಣಿಸಲು ಒಂದು ಮಗುವಿಗೆ ಕೊಟ್ಟು, ಉತ್ತರ ಹಾರದಂತೆ ಬರುತ್ತದೆಂದು ಮಾತ್ರ ಹೇಳಿ ಸುಮ್ಮನಿದ್ದು ನೋಡಬೇಕು. ಮೂರರ ಸಾಲು ೪೫೬೬೨೧, ಎಪ್ಪತ್ತರ ಸಾಲು ೧೦೬೫೪೪೯೦. ಎರಡನ್ನೂ ಕೂಡಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ನಡುವೆ ಒಂದು ಮಣಿ ಬೇರೆಯಾಗಿ ಕಂಡರೆ, ಯಾರೂ ಹೇಳದೆಯೇ ಮಗು ಹಲಗೆಯನ್ನು ಒರೆಸಿ, ದಶಕವನ್ನು ಎಲ್ಲಿ ಬಿಟ್ಟೆನೆಂದು ಹುಡುಕುತ್ತ ಕುಳಿತುಕೊಳ್ಳುತ್ತದೆ.